ಒಳಗೆ ನಿಲ್ಲುವವರು ಬೇಕಾಗಿದ್ದಾರೆ

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಹುಡುಗರು ಆಟಕ್ಕಿಳಿದರೆ ಅವರ ಕಡೆಯವರೇ ಅವರನ್ನು ಹುಳುಗಳೆಂದು ಕೂಗುತ್ತಾರೆ. ಬೈಗುಳವಲ್ಲ, ಜೈಕಾರ. ಅಲ್ಲಿನ ಒದ್ದೆ ಕಾಡಿನಲ್ಲಿ ಬಾಳೆಹಣ್ಣಿನ ಬಣ್ಣದ, ಹೆಚ್ಚುಕಡಿಮೆ ಅದೇ ಆಕಾರದ, ಚಿಪ್ಪಿಲ್ಲದ ಬಸವನಹುಳುವೊಂದು ಹರಿದಾಡುತ್ತದೆ. ಅದೇ ಆ ವಿಶ್ವವಿದ್ಯಾಲಯದ ಕ್ರೀಡಾ ಮ್ಯಾಸ್ಕಾಟ್. ದೊಡ್ಡವರು ಕಡಲಸಿಂಹವನ್ನು ಆರಿಸಿದ್ದರು. ಗಂಭೀರ ಪ್ರಾಣಿ, ಮೀಸೆಯೂ ಇದೆ. ವಿದ್ಯಾರ್ಥಿಗಳು ಬಗ್ಗಲಿಲ್ಲ, ವರ್ಷಗಟ್ಟಲೆ ಹುಳುವಿಗೇ ಜೈ ಎಂದರು. 1986ರಲ್ಲಿ ಮತ ಹಾಕಿ ಅದನ್ನು ಭರ್ಜರಿಯಾಗಿ ಗೆಲ್ಲಿಸಿಕೊಂಡರು. ಕುಲಪತಿಗಳು ಮೊದಲು ಆಗದು ಎಂದು, ಆಮೇಲೆ ಸೋತು, ಹುಳುವನ್ನು ಒಪ್ಪಿಕೊಂಡರು.

ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಒಂದು ಕೈ ಮುಂದೆ. ಅಲ್ಲಿ ಜನ ಮೆಚ್ಚಿದ ಮ್ಯಾಸ್ಕಾಟ್ ಬೆಂಡೆಕಾಯಿ. ಹುಬ್ಬು ಗಂಟಿಕ್ಕಿಕೊಂಡು, ಬಾಕ್ಸಿಂಗ್ ಕೈಗವಸು ತೊಟ್ಟು ನಿಂತ ಬೆಂಡೆಕಾಯಿ.

ಇವನ್ನೆಲ್ಲ ನನ್ನ ತಲೆಗೆ ತುಂಬಿದವನು ನನ್ನ ತಂಗಿಯ ಮಗ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದು ಈಗ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಓದುತ್ತಿದ್ದಾನೆ. ಒಂದು ರಾತ್ರಿ ಫೋನು ಮಾಡಿ, "ಮಾವ, ನೀವು ಓದೋವಾಗ ನಿಮ್ಮ ಯೂನಿವರ್ಸಿಟಿ ಮ್ಯಾಸ್ಕಾಟ್ ಯಾವ್ದಿತ್ತು?" ಎಂದ.

ನಮ್ಮ ಕಾಲದಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲವೂ ಮೈಸೂರು ವಿಶ್ವವಿದ್ಯಾಲಯದ ಸೆರಗಿನಲ್ಲೇ ಇದ್ದವು. "ಗಂಡಭೇರುಂಡ ಕಣೋ" ಎಂದು ಬೀಗಿದೆ. ಎರಡು ತಲೆಯ ಹಕ್ಕಿ, ಅಕ್ಕಪಕ್ಕದಲ್ಲಿ ಆನೆಮೊಗದ ಸಿಂಹಗಳು, ಕೆಳಗೆ ಗೀತೆಯ ಮಾತು. 1916ರ ವಿಶ್ವವಿದ್ಯಾಲಯ, ಮಹಾರಾಜರ ಲಾಂಛನ. ಈ ಬೆಂಡೆಕಾಯಿಗಳ ಮುಂದೆ ಅದೇನು ಕಡಿಮೆಯೇ?

"ಅದು ಕುಣೀತಿತ್ತಾ?" ಎಂದ ಅಳಿಯರಾಯ.

ಕುಣಿಯುತ್ತಿರಲಿಲ್ಲ. ಅಂಕಪಟ್ಟಿಯ ನೆತ್ತಿಯ ಮೇಲೆ ಕೂತಿರುತ್ತಿತ್ತು. ಪರೀಕ್ಷಾ ಶುಲ್ಕದ ರಸೀದಿಯ ಮೇಲೂ ಕೂತಿರುತ್ತಿತ್ತು. ಎರಡು ತಲೆಗಳಿದ್ದರೂ ಒಂದರಲ್ಲೂ ನಗು ಇರಲಿಲ್ಲ. ಅಂತರ ಕಾಲೇಜು ಕಬಡ್ಡಿಯಲ್ಲಿ ನಾವು ಸೋತು ಧೂಳು ಕೊಡವಿಕೊಳ್ಳುವಾಗ ಬೆನ್ನು ತಟ್ಟಲು ಬಂದದ್ದಿಲ್ಲ, ಗೆದ್ದಾಗ ಪಲ್ಟಿ ಹೊಡೆದದ್ದೂ ಇಲ್ಲ. ಅದನ್ನು ಗೇಲಿ ಮಾಡುವ ಧೈರ್ಯ ನಮಗೂ ಇರಲಿಲ್ಲ. ಹುಡುಗನ ಪ್ರಶ್ನೆ ಸರಿಯಾದ ಜಾಗಕ್ಕೇ ನಾಟಿತ್ತು. ಲಾಂಛನಕ್ಕೆ ಕೈಮುಗಿಯಬೇಕು. ಮ್ಯಾಸ್ಕಾಟ್ ಎಂದರೆ ಹೆಗಲಿಗೆ ಕೈ ಹಾಕಲು ಸಿಗುವಂಥದು. ಅದರ ಬಾಲ ಎಳೆದರೂ ಯಾರೂ ನೋಟೀಸು ಕೊಡಬಾರದು.

ಈ ಮ್ಯಾಸ್ಕಾಟ್ ಪದ್ಧತಿ ಅಮೆರಿಕದ ಕಾಲೇಜುಗಳಲ್ಲಿ ಬೇರೂರಿದ್ದು ಒಂದು ನಾಯಿಯಿಂದ ಎನ್ನಬಹುದು. 1889ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಬುಲ್‌ಡಾಗ್ ಒಂದನ್ನು ಕೊಂಡು ತಂದು ಪಂದ್ಯಗಳಿಗೆ ಕರೆದೊಯ್ಯತೊಡಗಿದ. ಅದರ ಹೆಸರು ಹ್ಯಾಂಡ್ಸಮ್ ಡ್ಯಾನ್. ಮುಖ ನೋಡಿದರೆ ಹೆಸರಿಟ್ಟವನ ಕುಚೇಷ್ಟೆ ಗೊತ್ತಾಗುತ್ತದೆ. ಅದು ಸತ್ತ ಮೇಲೆ ಅದೇ ಹೆಸರಿನ ಇನ್ನೊಂದು, ಮತ್ತೊಂದು. ರಾಜವಂಶದ ಹಾಗೆ ಪಟ್ಟ ಇಂದಿಗೂ ನಡೆದು ಬಂದಿದೆ. ಅದಕ್ಕೂ ಮೊದಲು, 1880ರ ಕೊನೆಯಲ್ಲಿ, ಪ್ಯಾರಿಸ್ಸಿನಲ್ಲಿ ಎಡ್ಮಂಡ್ ಓಡ್ರಾನ್ ಎಂಬ ಸಂಗೀತಗಾರನ 'ಲಾ ಮ್ಯಾಸ್ಕಾಟ್' ಎಂಬ ಹಾಡುನಾಟಕ ರಂಗಕ್ಕೇರಿತ್ತು. ಕೋಳಿ ಕಾಯುವ ಹಳ್ಳಿ ಹುಡುಗಿಯೊಬ್ಬಳು ಯಾರ ಮನೆಯಲ್ಲಿರುತ್ತಾಳೋ ಅವರಿಗೆ ಅದೃಷ್ಟ ಎಂಬುದು ಕಥೆ. ನಾಟಕ ಊರೂರು ಸುತ್ತಿತು, ಅದೃಷ್ಟ ತರುವ ಪ್ರಾಣಿಗಳಿಗೆಲ್ಲ ಆ ಹೆಸರು ಅಂಟಿತು. ನಮ್ಮಲ್ಲಿ ಇದಕ್ಕೆ ನಾಟಕ ಬೇಕಿರಲಿಲ್ಲ. ಕಾಲ್ಗುಣ ಒಳ್ಳೆಯದಾದ ಸೊಸೆ ಬಂದ ವರ್ಷವೇ ಬೋರ್‌ವೆಲ್ಲಿನಲ್ಲಿ ನೀರು ಬಂದದ್ದನ್ನು ಲೆಕ್ಕ ಹಾಕಿ ಹೇಳುವವರು ಪ್ರತಿ ಊರಿನ ಅರಳಿಕಟ್ಟೆಯಲ್ಲಿದ್ದಾರೆ.

ಅಳಿಯ ಓದುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮ್ಯಾಸ್ಕಾಟ್ ಒಂದು ಟಗರು, ಹೆಸರು ರಾಮ್‌ಸೀಸ್. 1924ರಲ್ಲಿ ಟೆಕ್ಸಾಸಿನಿಂದ 25 ಡಾಲರಿಗೆ ತರಿಸಿದ್ದು. ಅದು ಮೈದಾನಕ್ಕೆ ಬಂದ ಮೊದಲ ಪಂದ್ಯದಲ್ಲಿ ಯಾರೂ ಅಂಕ ಗಳಿಸದೆ ಒದ್ದಾಡುತ್ತಿದ್ದಾಗ, ಚೆಂಡು ಒದೆಯಲು ಹೊರಟ ಆಟಗಾರ ಟಗರಿನ ತಲೆಯನ್ನೊಮ್ಮೆ ಸವರಿ ಹೋದನಂತೆ. ಚೆಂಡು ಕಂಬಗಳ ನಡುವೆ ಹಾರಿತು, 3-0 ಗೆಲುವು. ಅಂದಿನಿಂದ ಟಗರಿಗೆ ಮರ್ಯಾದೆ. ವಿಜ್ಞಾನ ಓದಲು ಹೋದ ಹುಡುಗ ಇದನ್ನು ನಂಬುತ್ತಾನೋ ಎಂದು ಕೇಳಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಅವನು ಊರಿನ ಆಂಜನೇಯನಿಗೆ ಹಾಕಿದ ಸುತ್ತುಗಳನ್ನು ನಾನು ಬಲ್ಲೆ.

ಮಂಡ್ಯದವನಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಕಥೆ. ಅವರ ಮ್ಯಾಸ್ಕಾಟ್ ನೀಳ ಕೊಂಬಿನ ಹೋರಿ, ಬೀವೊ. ಎದುರಾಳಿ ಕಾಲೇಜಿನ ಹುಡುಗರು ಕದ್ದು ಬಂದು ಅದರ ಮೈಮೇಲೆ ತಾವು ಗೆದ್ದ ಪಂದ್ಯದ 13-0 ಅಂಕವನ್ನು ಬರೆ ಹಾಕಿದರು. ಮೊದಲನೆಯ ಬೀವೊವನ್ನು ಸಾಕುವ ಖರ್ಚು ಹೆಚ್ಚಾಯಿತೆಂದು 1920ರ ಜನವರಿಯಲ್ಲಿ ಕಡಿದು, ಫುಟ್‌ಬಾಲ್ ತಂಡದ ಔತಣದಲ್ಲಿ ಬಡಿಸಿಬಿಟ್ಟರು. ಬರೆ ಹಾಕಿದ ಎದುರಾಳಿಗಳನ್ನೂ ಊಟಕ್ಕೆ ಕರೆದಿದ್ದರು, ಅಂಕ ಬಿದ್ದ ತೊಗಲನ್ನು ಅವರಿಗೇ ಕೊಟ್ಟು ಕಳಿಸಿದರು. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೋ ಬೇಡವೋ ಎಂದು ನಡೆದ ಜಟಾಪಟಿಯನ್ನು ನೆನೆದರೆ, ಇಂಥ ಮ್ಯಾಸ್ಕಾಟಿಗೆ ನಮ್ಮ ಜಿಲ್ಲೆಯಲ್ಲಿ ಬೆಂಬಲ ಸಿಗುವುದರಲ್ಲಿ ಸಂಶಯವಿಲ್ಲ.

ಹಾಗಂತ ನಮ್ಮ ನೆಲಕ್ಕೆ ಇದು ಹೊಸ ವಿದ್ಯೆಯೇ? ಶ್ರೀರಂಗಪಟ್ಟಣಕ್ಕೆ ಹೋಗಿ ನೋಡಿ. ಇಡೀ ಪ್ರಪಂಚದಲ್ಲಿ ಒಂದು ಪ್ರಾಣಿಯನ್ನು ಇಷ್ಟು ಪಟ್ಟು ಹಿಡಿದು ತನ್ನದಾಗಿಸಿಕೊಂಡ ಇನ್ನೊಬ್ಬ ದೊರೆ ಸಿಗುವುದು ಕಷ್ಟ. ಟಿಪ್ಪುವಿನ ಸಿಪಾಯಿಗಳ ಅಂಗಿಯ ಮೇಲೆ ಹುಲಿಪಟ್ಟೆ, ಫಿರಂಗಿಯ ಬಾಯಿ ಹುಲಿಯ ಬಾಯಿ, ಕತ್ತಿಯ ಹಿಡಿಯಲ್ಲಿ ಹುಲಿ, ಸಿಂಹಾಸನಕ್ಕೆ ಹುಲಿತಲೆ. ಸಾಲದ್ದಕ್ಕೆ ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ: ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ಕೈ ಎತ್ತಿ ನರಳುತ್ತಾನೆ. ಅರಮನೆಯಲ್ಲಿ ನಿಜವಾದ ಹುಲಿಗಳೂ ಇದ್ದವು. 1799ರ ಮೇ 4ರಂದು ಕೋಟೆ ಬಿತ್ತು. ಮರುದಿನವೇ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮೇಲಿನವರಿಗೆ ಬರೆದ ಕಾಗದದಲ್ಲಿ ಹುಲಿಗಳ ತಕರಾರು ಇದೆ. ಹಾಕಲು ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ, ರೇಗುತ್ತಿವೆ. ಯಾರಾದರೂ ಕೊಂಡೊಯ್ಯದಿದ್ದರೆ ಗುಂಡು ಹೊಡೆಸುವುದೇ ಗತಿ ಎಂಬ ಒಕ್ಕಣೆ. ತಂಡ ಸೋತ ಮೇಲೆ ಅದರ ಪ್ರಾಣಿಯ ಪಾಡು ಅಷ್ಟೇ.

ಗೆದ್ದವರೂ ಪ್ರಾಣಿಯ ಭಾಷೆಯಲ್ಲೇ ಉತ್ತರ ಕೊಟ್ಟರು. ಶ್ರೀರಂಗಪಟ್ಟಣದ ಗೆಲುವಿಗಾಗಿ ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ ಒಂದು ಪದಕ ಅಚ್ಚು ಹಾಕಿಸಿದರು. ದೊಡ್ಡ ಅಧಿಕಾರಿಗೆ ಚಿನ್ನ, ಸಿಪಾಯಿಗೆ ತವರ. ಅದರ ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿ ಮೇಲೆ ನಿಂತಿದೆ. ಇಂದು ಎರಡು ಕಾಲೇಜುಗಳ ಹುಡುಗರು ಪಂದ್ಯದ ಹಿಂದಿನ ರಾತ್ರಿ ಗೋಡೆಯ ಮೇಲೆ ಬರೆಯುವ ಚಿತ್ರವೂ ಇದೇ. ಮರದ ಹುಲಿಯನ್ನು ಲಂಡನ್ನಿಗೆ ಸಾಗಿಸಿ 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದುಹೋಗುವವರೆಲ್ಲ ಹಿಡಿ ತಿರುಗಿಸಿ ಗುರುಗುಟ್ಟಿಸಿ, ಪಕ್ಕದಲ್ಲಿ ಪುಸ್ತಕ ಓದುವವರ ತಲೆ ಚಿಟ್ಟು ಹಿಡಿಸಿದರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನೊಳಗಿದೆ. ಅಂಗಡಿಯಲ್ಲಿ ಅದರ ಚಿತ್ರದ ಸಾಮಾನುಗಳೂ ಸಿಗುತ್ತವೆ. ವೈರಿಯ ಹುಲಿ ಕೊನೆಗೆ ಮಕ್ಕಳ ಮೆಚ್ಚಿನದಾಯಿತು.

ಇನ್ನೂ ಹಿಂದೆ ಹೋಗುವವರಿಗೆ ಪಾಂಡವಪುರ ಇದೆ. ಟಿಪ್ಪುವಿನ ಕಾಲದ ಫ್ರೆಂಚ್ ದಂಡಿನ ನೆನಪಿಗೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಊರು. ಈಗ ಅದರ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ಇದ್ದರೆಂದು ಜನ ಕಥೆ ಹೇಳುತ್ತಾರೆ. ಅರ್ಜುನನ ಬಾವುಟದಲ್ಲಿ ಹನುಮಂತ, ದುರ್ಯೋಧನನ ಬಾವುಟದಲ್ಲಿ ಹಾವು. ಹದಿನೆಂಟು ದಿನದ ಆ ಪಂದ್ಯದಲ್ಲಿ ಯಾರ ರಥ ಎಲ್ಲಿದೆ ಎಂದು ಪ್ರೇಕ್ಷಕರಿಗೆ ತಿಳಿಯುತ್ತಿದ್ದುದು ಇದರಿಂದಲೇ. ಅದರಲ್ಲೂ ಅರ್ಜುನನ ಕಪಿ ಬಟ್ಟೆಯ ಮೇಲಿನ ಬರೀ ಚಿತ್ರವಲ್ಲ. ಯುದ್ಧದ ನಡುವೆ ಗರ್ಜಿಸುತ್ತಿತ್ತಂತೆ. ಗಂಡಭೇರುಂಡಕ್ಕೆ ಇಲ್ಲದ ಗುಣ ಅದಕ್ಕಿತ್ತು.

ಆದರೆ ಅಳಿಯನಿಗೆ ನಾನು ಕೊಟ್ಟ ನಿಜವಾದ ಉತ್ತರ ಕುರುಕ್ಷೇತ್ರದಿಂದ ಬಂದದ್ದಲ್ಲ, ಜಾತ್ರೆಯಿಂದ. ತಟ್ಟಿರಾಯನನ್ನು ನೀವು ನೋಡಿಯೇ ಇರುತ್ತೀರಿ. ಗಾರುಡಿಗೊಂಬೆ ಎಂದೂ ಕರೆಯುತ್ತಾರೆ. ಬಿದಿರಿನ ದಬ್ಬೆ ಹೆಣೆದು ಮಾಡಿದ ಬುಟ್ಟಿಯಂಥ ಮೈ, ಮೇಲೆ ಬಣ್ಣ ಬಳಿದ ದಪ್ಪ ತಲೆ, ಗಂಡಾದರೆ ಗಿರಿಜಾಮೀಸೆ, ಹೆಣ್ಣಾದರೆ ಸೀರೆ, ಮೂಗುತಿ. ಆಳಿನ ಎರಡರಷ್ಟು ಎತ್ತರ. ಒಳಗೆ ಒಬ್ಬ ಮನುಷ್ಯ ಹೆಗಲ ಮೇಲೆ ಇಡೀ ಭಾರ ಹೊತ್ತು, ಗೊಂಬೆಯ ಹೊಟ್ಟೆಯ ಹತ್ತಿರ ಬಿಟ್ಟ ಕಿಂಡಿಯಿಂದ ದಾರಿ ನೋಡುತ್ತಾ, ತಮಟೆಗೆ ಸರಿಯಾಗಿ ಕುಣಿಯುತ್ತಾನೆ. ಉತ್ಸವದ ಮುಂದೆ ಅದು, ಹಿಂದೆ ದೇವರು. ಮಕ್ಕಳು ಹೆದರಿ ಅಪ್ಪನ ಕಾಲು ತಬ್ಬಿಕೊಳ್ಳುತ್ತವೆ, ಅರೆಗಳಿಗೆಯಲ್ಲಿ ಅದರ ಸೀರೆಯ ಅಂಚು ಎಳೆಯಲು ಓಡುತ್ತವೆ. ಹೆದರಿಕೆ ನಗುವಾಗುವ ಆ ಅರೆಗಳಿಗೆಗಾಗಿಯೇ ಗೊಂಬೆ ಇರುವುದು ಎಂದು ನನ್ನ ನಂಬಿಕೆ.

ಅಂಥ ಗೊಂಬೆ ಹೊರುವವರೊಬ್ಬರನ್ನು ನಾಗಮಂಗಲದ ಕಡೆಯ ಜಾತ್ರೆಯಲ್ಲಿ ಮಾತಾಡಿಸಿದ್ದೆ. ಗೊಂಬೆಯನ್ನು ಗೋಡೆಗೆ ಒರಗಿಸಿ, ಬೀಡಿ ಹಚ್ಚಿಕೊಂಡು ಕೂತಿದ್ದರು. ಬೆನ್ನ ತುಂಬಾ ಬೆವರು. "ಒಳಗೆ ಉಸಿರು ಕಟ್ಟಲ್ವೇನಣ್ಣ?" ಎಂದೆ.

"ಕಟ್ತದೆ ಸಾ. ಆದ್ರೆ ಒಳಗಿದ್ರೆ ನಾನು ನಾನಲ್ಲ ಕಣ್ ಸಾ. ನಮ್ಮೂರ್ ಪಟೇಲ್ರ ಮುಂದೇನೂ ಸೊಂಟ ಬಳುಕಿಸ್ಬೋದು" ಎಂದರು.

ಹುಳು, ಟಗರು, ಬೆಂಡೆಕಾಯಿಗಳ ಒಳಗೆ ನಿಲ್ಲುವ ವಿದ್ಯಾರ್ಥಿಗಳಿಗೂ ಇದೇ ಸೌಕರ್ಯ. ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳಲು ಅಂಜುವವನು ಆ ವೇಷದೊಳಗೆ ಹೊಕ್ಕರೆ ಕ್ರೀಡಾಂಗಣದ ಮುಂದೆ ಪಲ್ಟಿ ಹೊಡೆಯುತ್ತಾನೆ. ಸೋಲುವ ತಂಡದ ಜನರನ್ನು ಎದ್ದು ಹೋಗದಂತೆ ಹಿಡಿದಿಡುವುದು, ಗೆಲ್ಲುವ ತಂಡದ ಸೊಕ್ಕನ್ನು ಕೊಂಚ ನಗುವಾಗಿಸುವುದು, ಇದು ಅವನ ಕೆಲಸ. ತಟ್ಟಿರಾಯನದೂ ಅದೇ. ಸೋಮನ ಕುಣಿತದ ಮೊಗ ಹೊರುವವರದೂ, ಬಾಬಯ್ಯನ ಹಬ್ಬದಲ್ಲಿ ಮೈಗೆ ಬಣ್ಣ ಬಳಿದುಕೊಂಡು ಹುಲಿವೇಷ ಹಾಕುವವರದೂ ಅದೇ. ಊರ ಹಬ್ಬಕ್ಕೆ ಇಷ್ಟು ಮ್ಯಾಸ್ಕಾಟ್‌ಗಳಿರುವ ಸೀಮೆಯಲ್ಲಿ ಕಾಲೇಜಿನ ಹಬ್ಬಕ್ಕೆ ಒಂದೂ ಇಲ್ಲ ಎಂಬುದು ನನಗೆ ಅಂದು ಫೋನು ಇಟ್ಟ ಮೇಲೂ ಬಗೆಹರಿಯಲಿಲ್ಲ.

ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿಗೆ ಒಮ್ಮೆ ಬಂದಿತ್ತು. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಅದಕ್ಕೊಂದು ಆನೆ ಇತ್ತು, ಹೆಸರು ವೀರ. ಕರ್ನಾಟಕದ ರಾಜ್ಯಪ್ರಾಣಿ ಆನೆ, ಹಾಗಾಗಿ ಆಯ್ಕೆಯಲ್ಲಿ ತಪ್ಪಿಲ್ಲ. ಮುಂದಿನ ಕೂಟ ಉತ್ತರ ಪ್ರದೇಶಕ್ಕೆ ಹೋಯಿತು, ಅಲ್ಲಿ ಜೀತು ಎಂಬ ಬಾರಾಸಿಂಗ ಜಿಂಕೆ. ಅದರ ಮುಂದಿನದು ಈಶಾನ್ಯ ರಾಜ್ಯಗಳಿಗೆ, ಅಲ್ಲಿ ಅಷ್ಟಲಕ್ಷ್ಮಿ ಎಂಬ ಚಿಟ್ಟೆ. ಇವೆಲ್ಲ ಒಳ್ಳೆಯವೇ. ಆದರೆ ಇವು ಕೂಟದವು, ಯಾವ ಕಾಲೇಜಿನವೂ ಅಲ್ಲ. ಮೇಲಿನಿಂದ ಆಯ್ಕೆಯಾಗಿ, ಗಣ್ಯರಿಂದ ಬಿಡುಗಡೆಯಾಗಿ, ಕೂಟ ಮುಗಿದ ದಿನವೇ ಕೆಲಸ ಕಳೆದುಕೊಳ್ಳುವ ಪ್ರಾಣಿಗಳು. ಸಾಂತಾ ಕ್ರೂಜಿನ ಹುಳುವಿನ ಹಿಂದೆ ಹುಡುಗರ ಹಟ ಇತ್ತು. ವೀರನ ಹಿಂದೆ ಇದ್ದದ್ದು ಆಹ್ವಾನ ಪತ್ರಿಕೆ.

ಲಲಿತ ಪ್ರಬಂಧದ ಹಿರಿಯರಾದ ಎ.ಎನ್. ಮೂರ್ತಿರಾಯರು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. ಅವರ ಪ್ರಬಂಧಗಳ ಒಂದು ಪುಸ್ತಕದ ಹೆಸರೇ 'ಹಗಲುಗನಸುಗಳು'. ಆ ಊರಿನ ನೀರು ಕುಡಿದ ಧೈರ್ಯದಿಂದ ನಾನೂ ಒಂದು ಹಗಲುಗನಸು ಕಂಡೆ. ಮಂಡ್ಯಕ್ಕೆ ಈಗ ತನ್ನದೇ ವಿಶ್ವವಿದ್ಯಾಲಯವೂ ಬಂದಿದೆ. 2025ರಲ್ಲಿ ಅದನ್ನು ಉಳಿಸಬೇಕೋ ಮೈಸೂರಿಗೆ ಸೇರಿಸಬೇಕೋ ಎಂಬ ಚರ್ಚೆಯೂ ಎದ್ದಿತು; ಆ ಜಗಳ ದೊಡ್ಡವರಿಗೆ ಇರಲಿ. ನಮ್ಮ ನಾಲ್ಕು ತಾಲ್ಲೂಕಿನ ಕಾಲೇಜು ಹುಡುಗರೇ ಸೇರಿ ಒಂದು ಮ್ಯಾಸ್ಕಾಟ್ ಆರಿಸುವುದಾದರೆ ಕಣದಲ್ಲಿ ಯಾರು ಯಾರು?

ಶ್ರೀರಂಗಪಟ್ಟಣ ಹುಲಿಯನ್ನು ಬಿಟ್ಟುಕೊಡದು. ಆದರೆ ಟಿಪ್ಪುವಿನ ಹುಲಿ ಎಂದ ಕೂಡಲೇ ಕಬಡ್ಡಿ ಅಂಕಣಕ್ಕಿಂತ ಮೊದಲು ಟಿ.ವಿ. ಸ್ಟುಡಿಯೋದಲ್ಲಿ ರೈಡು ಶುರುವಾಗುತ್ತದೆ. ಮಲೆಯ ಮಾದಪ್ಪನ ಹುಲಿ ಎಂದು ಸಮಾಧಾನ ಮಾಡಬಹುದೇನೋ. ನಮ್ಮ ಕಡೆ ಆ ಹುಲಿಗೆ ಎದುರಾಡುವವರಿಲ್ಲ. ರಂಗನತಿಟ್ಟಿನಲ್ಲಿ ಮೊಸಳೆಯೂ ಇದೆ. ಫ್ಲೋರಿಡಾದವರು ಮೊಸಳೆಯ ದಾಯಾದಿಯನ್ನೇ ಇಟ್ಟುಕೊಂಡಿದ್ದಾರೆ. ನಮ್ಮ ಮೊಸಳೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುತ್ತದೆ. ಹಾಜರಾತಿ ಕೊರತೆಯ ವಿದ್ಯಾರ್ಥಿಗಳು ಅದನ್ನು ತಮ್ಮ ಪ್ರತಿನಿಧಿ ಎಂದು ಭಾವಿಸುವ ಅಪಾಯ ಇದೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ತೋಳಗಳಿಗೆಂದೇ 1974ರಲ್ಲಿ ಅಭಯಾರಣ್ಯ ಮಾಡಿದ್ದಾರೆ. ಗುಂಪಾಗಿ ಬೇಟೆಯಾಡುವ, ಕಾಲಲ್ಲಿ ಓಟವಿರುವ, ತಂಡದ ಆಟಕ್ಕೆ ಹೇಳಿಮಾಡಿಸಿದ ಪ್ರಾಣಿ. ಪುಳಿಯೋಗರೆಯ ಊರು ಇಂಥದೊಂದನ್ನು ಸಾಕಿಕೊಂಡಿದೆ ಎಂದು ಹೊರಗಿನವರಿಗೆ ಗೊತ್ತೇ ಇಲ್ಲ. ಕುರಿ ಮೇಯಿಸುವವರ ಮನೆಯ ಹುಡುಗರು ಇದಕ್ಕೆ ಮತ ಹಾಕುವರೇ, ಅದೊಂದು ಅನುಮಾನ. ಅದೇ ಪಾಂಡವಪುರ ಕಬ್ಬಿನ ಜಲ್ಲೆಯನ್ನೂ ನಿಲ್ಲಿಸಬಹುದು. ಬೆಂಡೆಕಾಯಿಗೆ ಕೈಗವಸು ತೊಡಿಸಬಹುದಾದರೆ ಕಬ್ಬಿಗೆ ಯಾಕಾಗದು? ಹಸಿರು ಗರಿಯ ತುರಾಯಿ, ಕಂದು ಬಣ್ಣದ ಗೆಣ್ಣುಗಳು, ಎತ್ತರದ ಆಳು. ನೋಡಲು ಚೆಂದ. ತೊಂದರೆ ಏನೆಂದರೆ ಎದುರಾಳಿಗಳು ಘೋಷಣೆ ಹುಡುಕುವ ಕಷ್ಟವೇ ಇರುವುದಿಲ್ಲ: "ಹಿಂಡಿ ಸಿಪ್ಪೆ ಮಾಡ್ತೀವಿ ಕಣ್ರಲಾ!" ಕಾರ್ಖಾನೆಯ ಬಾಕಿಗೆ ಕಾದವರ ಮಕ್ಕಳಿಗೆ ಆ ಮಾತು ಮನೆಯಲ್ಲೂ ಕೇಳಿ ಗೊತ್ತು.

ಕೆ.ಆರ್. ಪೇಟೆಯ ಪರವಾಗಿ ನಾನೇ ವಕಾಲತ್ತು ವಹಿಸುತ್ತೇನೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಅಡಿಯಲ್ಲಿ ಹೊಯ್ಸಳ ಶಿಲ್ಪಿಗಳು ಸಾಲುಸಾಲಾಗಿ ಬಿಡಿಸಿದ ಆನೆ, ಕುದುರೆ, ಹಂಸಗಳ ನಡುವೆ ಮಕರ ಎಂಬುದೊಂದಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಬಾಲದ ಕಡೆ ನವಿಲಿನಂಥ ಗರಿ. ಯಾವ ಪ್ರಾಣಿಶಾಸ್ತ್ರಕ್ಕೂ ಸೇರದು, ಆದ್ದರಿಂದ ಯಾವ ಇಲಾಖೆಯೂ ತಕರಾರು ತೆಗೆಯದು. ಹದಿಮೂರನೆಯ ಶತಮಾನದಿಂದ ಹೊಟ್ಟೆ ತುಂಬಿದವರ ಮುಖಭಾವದಲ್ಲಿ ನಿಂತಿದೆ. ಹೊಯ್ಸಳರ ಸಳ ಮತ್ತು ಸಿಂಹದ ಕಾಳಗದ ಲಾಂಛನ ಬೇಡ. ಅಲ್ಲಿ ಯಾರೋ ಒಬ್ಬರು ಸಾಯಲೇಬೇಕು.

ನಾಗಮಂಗಲದ ಅರ್ಜಿ ಬಲವಾಗಿದೆ. ಆ ತಾಲ್ಲೂಕಿನ ಬಿ.ಜಿ. ನಗರದಲ್ಲಿ 2018ರಿಂದ ಆದಿಚುಂಚನಗಿರಿ ವಿಶ್ವವಿದ್ಯಾಲಯ ಇದೆ. ಆದಿಚುಂಚನಗಿರಿ ಬೆಟ್ಟದ ಸುತ್ತ ನವಿಲುಧಾಮ, ಬೆಟ್ಟದ ಮೇಲೆ ಕಾಲಭೈರವ. ನವಿಲಿಗೆ ಬಣ್ಣ ಇದೆ, ಕುಣಿತ ಇದೆ, ಅಳಿಯನ ಪರೀಕ್ಷೆಯಲ್ಲಿ ಅದು ಮೊದಲ ದರ್ಜೆ. ಆದರೆ ನನ್ನ ಕಣ್ಣು ಭೈರವನ ನಾಯಿಯ ಮೇಲೆ. ಯೇಲ್‌ನವರು 1889ರಲ್ಲಿ ದುಡ್ಡು ಕೊಟ್ಟು ತಂದ ನಾಯಿಗಿಂತ ಎಷ್ಟೋ ಶತಮಾನ ಮೊದಲೇ ಅದು ಅಲ್ಲಿ ದೇವರ ಬಗಲಿಗೆ ನಿಂತಿದೆ. ಊರೂರಿನ ನಾಯಿಗಳೂ ಕರೆಯದೆ ಕ್ರೀಡಾಕೂಟಕ್ಕೆ ಬರುತ್ತವೆ. ನೂರು ಮೀಟರ್ ಓಟ ಶುರುವಾದರೆ ಟ್ರ್ಯಾಕಿಗೆ ನುಗ್ಗಿ, ಎಲ್ಲರಿಗಿಂತ ಮುಂದೆ ಓಡಿ, ದಾರ ಮುಟ್ಟುವುದರೊಳಗೆ ಆಸಕ್ತಿ ಕಳೆದುಕೊಂಡು ಪಕ್ಕಕ್ಕೆ ಹೋಗುತ್ತವೆ. ಚುನಾವಣೆಯಿಲ್ಲದೆಯೇ ಸೇವೆ ಸಲ್ಲಿಸುತ್ತಿರುವ ಮ್ಯಾಸ್ಕಾಟ್.

ಇಷ್ಟೆಲ್ಲ ಪಟ್ಟಿ ಮಾಡಿ ಅಳಿಯನಿಗೆ ಓದಿ ಹೇಳಿದೆ. "ಬಂಡೂರು ಕುರಿ ಬಿಟ್ರಲ್ಲ ಮಾವ?" ಎಂದ. ಟಗರಿನ ವಿಶ್ವವಿದ್ಯಾಲಯದ ಅನ್ನ ಉಂಡವನು, ಕೇಳದೆ ಇರುತ್ತಾನೆಯೇ? ಬಂಡೂರು ಮಳವಳ್ಳಿ ತಾಲ್ಲೂಕಿನದು, ನಮ್ಮ ನಾಲ್ಕರಲ್ಲಿ ಬಾರದು ಎಂದೆ. ಮಂಡ್ಯದ ಕುರಿ ಎಂದರೆ ದೇಶಕ್ಕೇ ಗೊತ್ತು, ಗಡಿ ಯಾಕೆ ಎಂದ. ಗುಂಡಗೆ, ಗಿಡ್ಡಗೆ, ಹಿಂಬದಿಯಿಂದ ನೋಡಿದರೆ ಮಗುಚಿದ ಯು ಆಕಾರ; ವೇಷ ಹೊಲಿಯಲು ಸುಲಭವೇ. ಆದರೆ ಹುಲಿಯ ಊರಿನವರು ಕುರಿಯ ಬಾವುಟದ ಕೆಳಗೆ ನಡೆಯುವರೇ? ಅಲ್ಲದೆ ಬೀವೊನ ಗತಿ ನೆನೆದರೆ ಗೆದ್ದ ದಿನದ ಸಂಜೆ ಆ ಕುರಿಯನ್ನು ಕಾಯಲು ಪೊಲೀಸರನ್ನು ಹಾಕಬೇಕಾಗುತ್ತದೆ.

ಕೊನೆಗೆ ಇದನ್ನು ಪರಿಚಯದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರ ಮುಂದಿಟ್ಟೆ. ನಲವತ್ತು ಡಿಗ್ರಿ ಬಿಸಿಲಲ್ಲೂ ಸೀಟಿ ಊದಿದವರು, ಮಾತು ಸೀಟಿಯಷ್ಟೇ ಚುಟುಕು. ಗಂಡಭೇರುಂಡದಿಂದ ಹಿಡಿದು ಕುರಿಯವರೆಗೆ ಎಲ್ಲವನ್ನೂ ಕೇಳಿಸಿಕೊಂಡರು.

"ಯಾವ್ದಾದ್ರೂ ಮಾಡ್ಕಳಿ ಸ್ವಾಮಿ. ಒಳಗೆ ನಿಂತ್ಕಳೋ ಹುಡುಗ ಯಾವ ಲೆಕ್ಕದಲ್ಲಿ ಬತ್ತಾನೆ? ಆಟಗಾರನೋ, ಪ್ರೇಕ್ಷಕನೋ?"

ಆಟಗಾರ ಎಂದೆ.

"ಹಂಗಾದ್ರೆ ಅವನ್ಗೂ ಎರಡು ಮೊಟ್ಟೆ, ಒಂದು ಬಾಳೆಹಣ್ಣು ಬರ್ಕೊಳಿ. ಬಸ್ ಚಾರ್ಜೂ ಸೇರ್ಸಿ. ಆಮೇಲೆ ನಾಯಿನೋ ನವಿಲೋ ನೋಡಾನ."